ಮುಟ್ಟಿದ ತಲೆ

ಕಂಪ್ಲಿ, ಶುಕ್ರವಾರ

ಅಪ್ಪನವರಿಗೆ ಪಂಪಾವತಿಯ ನಮಸ್ಕಾರ.

ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬಸ್ಸಿನವರ ಕೈಲಿ ಈ ಕಾಗದ.

ದೊಡ್ಡಪ್ಪ ಸ್ಮಶಾನದ ದಾರಿಯನ್ನೂ ಸೇರಿಸಿಕೊಂಡು ಕಬ್ಬು ಹಾಕಿದ್ದಾರೆ. ಮೊನ್ನೆ ಜನ ಹೆಣ ಹೊತ್ತು ಕಾಲುವೆ ನೀರಿನಲ್ಲಿ ದಾಟಿದರು. ಊರವರು ಅರ್ಜಿ ಕೊಟ್ಟಿದ್ದಾರೆ. ಸೋಮವಾರ ಹನ್ನೊಂದು ಗಂಟೆಗೆ ಸ್ಥಳಕ್ಕೆ ಹೋಗಿ, ಕಂಡದ್ದನ್ನು ಬರೆದು ಸಹಿ ಹಾಕಬೇಕಾದ ಗ್ರಾಮ ಆಡಳಿತಾಧಿಕಾರಿ ನಾನೇ.

ಕೆಲಸಕ್ಕೆ ಸೇರಿದ ದಿನ ನಿಷ್ಪಕ್ಷಪಾತವಾಗಿ ನಡೆಯುತ್ತೇನೆಂದು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದೆ. ಅವತ್ತು ಓಣಿಗೆಲ್ಲ ಪೇಢೆ ಹಂಚಿದವರು ನೀವು. ಹೋದ ವಾರ ನೀವೇ ನನ್ನ ಕೈ ಹಿಡಿದೆಳೆದು, "ಅಣ್ಣನ ಹೊಲದ ತಂಟೆಗೆ ಹೋಗಂಗಿಲ್ಲಂತ ನನ್ನ ತಲಿ ಮುಟ್ಟಿ ಆಣಿ ಮಾಡು" ಅಂದಿರಿ. ಮಾಡಿದೆ. ಆಣೆ ತಪ್ಪಿದರೆ ಮುಟ್ಟಿದ ತಲೆ ಉಳಿಯುವುದಿಲ್ಲವೆಂದು ಅಮ್ಮ ಅವತ್ತಿನಿಂದ ನಿದ್ದೆ ಮಾಡಿಲ್ಲ. ರಜೆ ಕೇಳಿದೆ, ಸಿಗಲಿಲ್ಲ.

ನಾನು ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ಆದರೂ ಒಂದು ಮಾತು ನಡೆಸಿಕೊಡಿ. ನಾಳೆಯೇ ಹೊಸಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ. ಬಿಪಿ ಗುಳಿಗೆ ತಪ್ಪಿಸಬೇಡಿ. ಸೋಮವಾರ ಹನ್ನೊಂದು ಗಂಟೆಗೆ ಮನೆಯಲ್ಲೇ ಇರಿ, ಅಮ್ಮ ಪಕ್ಕದಲ್ಲಿರಲಿ.

ನಿಮ್ಮ ಮಗಳು,
ಪಂಪಾವತಿ