ಪೂಲಿನ ಮೆಷಿನ್ ಆರಿಸುವಾಗ

ಮಿಲನಣ್ಣ,

ಅಪ್ಪನನ್ನು ಕರಕೊಂಡು ಮಡಿಕೇರಿ ಆಸ್ಪತ್ರೆಗೆ ಹೊರಟೆ. ಹತ್ತು ಗಂಟೆಗೆ ನಮ್ಮ ಹೋಂಸ್ಟೇಯ ಸ್ವಿಮ್ಮಿಂಗ್ ಪೂಲ್ ತೊಳೆಯುವ ಮೆಷಿನ್ ತೋರಿಸಲು ಅಂಗಡಿಯವರು ಬರುತ್ತಾರೆ. ನೋಡೋಣ ಅಂತ ಮತ್ತೆ ವಾಪಸ್ ಕಳಿಸಬೇಡ, ಇವತ್ತೇ ಆರಿಸು. ಗೋಡೆ ಹತ್ತುತ್ತದೆ, ಫೋನಿನಲ್ಲಿ ನಡೆಯುತ್ತದೆ ಅಂದರೆ ಮರುಳಾಗಬೇಡ. ಸಿಲ್ವರ್ ಓಕ್ ಎಲೆ ಹಿಡಿಯುವಷ್ಟು ದೊಡ್ಡ ಬುಟ್ಟಿ ಇರಲಿ, ಅಮ್ಮ ಎತ್ತುವಷ್ಟು ಹಗುರ ಇರಲಿ.

ನಿನ್ನೆ ಲಕ್ವ ಹೊಡೆದ ಬಲಗೈಯಲ್ಲೇ ಬಲೆ ಹಿಡಿದು ಅಪ್ಪ ಪೂಲಿನ ಎಲೆ ತೆಗೆಯಲು ಹೋಗಿದ್ದರು. ಬಲೆ ಕೈಜಾರಿ ನೀರಿಗೆ ಬಿತ್ತು. "ಹೋಂಸ್ಟೇಗೆ ಬಂದಿರೋರು ನೋಡಿದ್ರಾ?" ಅಂತ ಮಾತ್ರ ಕೇಳಿದರು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತರು. ಅಪ್ಪ ಅಳುವುದನ್ನು ನಾನು ನೋಡಿದ್ದು ಇದೇ ಮೊದಲು.

ಒಂದೇ ಬಟನ್ ಇರುವುದನ್ನು ತಗೋ. ನಾವು ಬರುವವರೆಗೆ ಶುರು ಮಾಡಬೇಡ. ಎಡಗೈಯಲ್ಲಿ ಅಪ್ಪನೇ ಒತ್ತಲಿ.

ದೀಕ್ಷಿತಾ