ಮಾಳಗಿ ಮ್ಯಾಲಿನ ಹಸಿರ ನೆಟ್

ವಿಜಿ,

ಅವ್ವ ಸಂತಿಗೆ ಹೋಗ್ಯಾಳ. ಮಾಳಗಿ ಮ್ಯಾಲಿನ ಹಸಿರ ನೆಟ್ ಬಿಚ್ಚಿ ಬಿಸಾಕೀನಿ. ನಿನಗ ಓದಾಕ ನೆರಳ ಬೇಕಂತ ಆಕಿ ಕಾಡಿದ್ದಕ್ಕ ತಿಕೋಟಾದ ಶೆಡ್ಡಿನಿಂದ ನಾನ ತಂದ ಕಟ್ಟಿದ್ದೆ. ಬಣ್ಣ ಹೋಗಬಾರದಂತ ಅಲ್ಲೆ ನಾವು ದ್ರಾಕ್ಷಿ ನೆರಳಾಗ ಒಣಗಸ್ತೀವಿ. ನೀ ಏನ ದ್ರಾಕ್ಷಿ ಏನ ಬೇ?

ಹದಿನಾರು ವರ್ಷದಾಕಿ, ಮೆಟ್ಟಲ ಹತ್ತೂವಾಗ ಮುದುಕಿಯಂಗ ಮೊಣಕಾಲ ಹಿಡಕೊಂಡ ಕುಂದರತಿ. ರಕ್ತದಾಗ ವಿಟಮಿನ್ ಡಿ ಭಾಳ ಕಡಿಮಿ ಐತಂತ ಡಾಕ್ಟರ್ ಅಂದದ್ದ ಹೇಳಿದ್ರ, ನಮ್ಮ ವಿಜಯಪುರದಾಗ ಬಿಸಿಲ ಸಿಗಲಿಲ್ಲೇನೋ ಅಂತ ಶೆಡ್ಡಿನವರೆಲ್ಲಾ ನಕ್ಕರು. ನನಗ ಮೈ ಉರೀತು.

ಗುಳಿಗಿ ಫ್ರಿಜ್ ಮ್ಯಾಲ ಐತಿ. ವಾರಕ್ಕೊಂದ, ಊಟ ಆದಮ್ಯಾಲ. ಇವತ್ತ ರವಿವಾರ, ಮರೀಬ್ಯಾಡ. ಕೋಚಿಂಗ್ ಪುಸ್ತಕರ ಒಯ್ಯಿ, ಮೊಬೈಲರ ಒಯ್ಯಿ, ಬಿಸಿಲಾಗ ಕುಂದ್ರು. ಕರ್ರಗಾದ್ರ ಆಗಲಿ.

ನನ್ನಂಥಾ ಸಾಲಿ ಬಿಟ್ಟಾಂವನ ಮಾತ ಅವ್ವ ಕೇಳೂದಿಲ್ಲ. "ಹುಡುಗಿ ಕಪ್ಪಾದ್ರ ನೀ ಗಂಡ ಹುಡಕತಿ ಏನ?" ಅಂತಾಳ. ಬಂದ ಕೂಡ್ಲೆ ನೆಟ್ ಇದ್ದಲ್ಲೆ ಹಳೀ ಸೀರಿ ಕಟ್ಟತಾಳ, ನನಗ ಗೊತ್ತೈತಿ. ನಾ ಆವಾಗ ಶೆಡ್ಡಿನ್ಯಾಗ ಇರತೀನಿ, ಏನ ಮಾಡಲಿ?

ಆಕಿ ಬರೂದ್ರೊಳಗರ ಒಂದೀಟ ಹೋಗಿ ಕುಂದರವ್ವಾ.

ನಿಮ್ಮಣ್ಣ ಸಂಗು