ಬಾವಿ ಪಕ್ಕದ ಹುಣಸೆಮರ

ಐ.ಡಿ.ಹಳ್ಳಿ
12 ಜೂನ್ 2025, ಗುರುವಾರ

ಅಶ್ವಿನಿಗೆ ಓಬಳಮ್ಮನ ಆಶೀರ್ವಾದ. ಬೇಡ ಅನ್ನಿಸಿದರೆ ಆಶೀರ್ವಾದ ವಾಪಸು ಕಳಿಸು, ಕಾಗದ ಮಾತ್ರ ಓದು.

ಫೋನಾದರೆ ನಾನೇ ಮಾತಾಡಿ ಗೆದ್ದುಬಿಡುತ್ತೇನೆ. ಅದಕ್ಕೇ ಬರೆದು ಪಾವಗಡದ ಬಸ್ಸಿನವನ ಕೈಲಿ ಕಳಿಸುತ್ತಿದ್ದೇನೆ.

ನಮ್ಮ ಹೊಲದ ನಾಲ್ಕೂ ಹುಣಸೆಮರ ಮೈತುಂಬ ಹೂ ಬಿಟ್ಟಿವೆ. ನೀನು ಮದುವೆಯಾಗಿ ಬಂದ ಹೊಸದರಲ್ಲಿ, ಬಾವಿ ಪಕ್ಕದ ಮರದಡಿ ಎರಡು ಜೇನುಪೆಟ್ಟಿಗೆ ಇಟ್ಟು, ಮೇಲಿನ ಸದ್ದು ಕೇಳಿ ಅಕ್ಕ ಅಂದಿದ್ದೆ. ಆಗ ನಾನು ನಕ್ಕಿದ್ದೆ. ಇವತ್ತು ನಿಂತು ಕೇಳಿದೆ. ಒಂದು ಹುಳದ ಸದ್ದೂ ಇಲ್ಲ. ನೀನು ಹೋದಮೇಲೆ ನಾಲ್ಕೂ ಮರ ಸೇರಿ ಒಂದು ಹಿಡಿ ಕಾಯಿ ಕೊಟ್ಟಿಲ್ಲ. ಸೋಮವಾರ ಮರ ಕಡಿಯುವವರು ಬರುತ್ತಾರೆ. ನಿನ್ನ ಗಂಡ, ನನ್ನ ತಮ್ಮ ಲಕ್ಷ್ಮೀಪತಿ, ಮಾತು ಕೊಟ್ಟಾಯಿತು.

ಹೂ ನೋಡಿ ಇಷ್ಟು ಮೂಟೆ ಅಂತ ಹೇಳಿ ಗುತ್ತಿಗೆ ಹಿಡಿಯುವವಳು ನಾನು. ಮಧುಗಿರಿ ಪೇಟೆಯಲ್ಲಿ ನನ್ನ ಕಣ್ಣನ್ನೇ ತಕ್ಕಡಿ ಅನ್ನುತ್ತಾರೆ. ನೀನು ಪೆಟ್ಟಿಗೆ ಇಟ್ಟ ವರ್ಷ ನಮ್ಮ ಮರಗಳಿಗೆ ಇಪ್ಪತ್ತು ಅಂದಿದ್ದೆ, ಏಳಾಯಿತು. ಊರು ನಗುವ ಮೊದಲೇ, ಪೆಟ್ಟಿಗೆ ಹುಳ ಹೂವಿನ ಸಾರವೆಲ್ಲ ಹೀರಿಬುಟ್ಟವೆ ಕಣ್ರಪ್ಪ ಅಂದೆ. ನಂಬಿದರು. ಲಕ್ಷ್ಮೀಪತಿಯೂ ನಂಬಿದ. ಹುಳ ಕೂತರೇನೇ ಕಾಯಿ ಕಚ್ಚೋದು ಅಕ್ಕ ಅಂತ ನೀನು ಅಳುತ್ತಾ ಹೇಳಿದೆ. ಮೊನ್ನೆ ಬಂದೋಳು ನಂಗೆ ಹುಣಸೆ ಪಾಠ ಹೇಳ್ತೀಯಾ ಅಂದೆ.

ಪೆಟ್ಟಿಗೆಗಳನ್ನು ಎತ್ತಿಸಿ ಬೋಳು ಬಂಡೆ ಮೇಲೆ ಇಡಿಸಿದವಳೂ ನಾನೇ. ಯುಗಾದಿಗೆ ಮೊದಲೇ ಆ ಕೆಂಡದ ಬಿಸಿಲು. ಮೇಣ ಕರಗಿ ಹುಳ ತಮ್ಮ ತುಪ್ಪದಲ್ಲೇ ಮುಳುಗಿದವು. ನೀನು ಬೊಗಸೆಯಲ್ಲಿ ಎತ್ತಿ ಎತ್ತಿ ನೋಡುತ್ತಿದ್ದೆ. ಈಗಿನ ಬಿಸಿಲೇ ಹಂಗೆ ಕಣಮ್ಮ, ಯಾರೇನು ಮಾಡೋಕಾಯ್ತದೆ ಅಂದೆ. ಬಿಸಿಲು ಹೆಚ್ಚಿದ್ದು ಸುಳ್ಳಲ್ಲ. ಆದರೆ ಬಿಸಿಲಿಗೆ ಬಾಯಿಲ್ಲ ನೋಡು. ಎಷ್ಟು ತಪ್ಪು ಹೊರಿಸಿದರೂ ಹೊರುತ್ತದೆ. ಅವತ್ತೇ ನೀನು ನಿಡುಗಲ್ಲಿಗೆ ತವರಿಗೆ ಹೊರಟೆ.

ಇನ್ನೊಂದು ನಿನಗೆ ಗೊತ್ತಿಲ್ಲ. ನಿನ್ನ ಮದುವೆಗೆ ಮುಂಚಿನ ಸುಗ್ಗಿಯಲ್ಲಿ ಆ ಮರಗಳಲ್ಲಿ ಒಂಬತ್ತು ಹೆಜ್ಜೇನು ಕಟ್ಟಿದ್ದವು. ಮರ ಹತ್ತುವವರು ಹೆದರಿದರು. ಒಂಬತ್ತಕ್ಕೂ ಬೆಂಕಿ ಇಡಿಸಿದೆ. ಮತ್ತೆ ಒಂದೂ ಬರಲಿಲ್ಲ.

ನಿನ್ನೆ ಲಕ್ಷ್ಮೀಪತಿಗೆ ಇದನ್ನೆಲ್ಲ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಯಾವ ಮುಖ ಇಟ್ಕೊಂಡು ಅವಳನ್ನ ಕರೀಲಿ ಅಂದ. ಮರನಾದರೂ ಉಳಿಸೋ ಅಂದೆ. ಆ ಮರ ಕಂಡಾಗೆಲ್ಲ ಅವಳು ಬೊಗಸೆ ಹಿಡಿದು ನಿಂತಂಗೆ ಆಯ್ತದೆ, ಹೋಗ್ಲಿ ಬುಡಕ್ಕ ಅಂದ. ನನ್ನ ಮಾತು ಈಗ ನಡೆಯುವುದಿಲ್ಲ. ನಿನ್ನದು ನಡೆಯುತ್ತದೆ. ಬಾ ಅನ್ನುವ ಹಕ್ಕು ನನಗಿಲ್ಲ. ಭಾನುವಾರದೊಳಗೆ ಅವನಿಗೊಂದು ಫೋನ್ ಮಾಡು, ಸಾಕು.

ಇಂತಿ,
ನಿನ್ನ ಗಂಡನ ಅಕ್ಕ
ಓಬಳಮ್ಮ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಆ ಏಳು ಮೂಟೆಯಲ್ಲಿ ಐದು, ನಿನ್ನ ಪೆಟ್ಟಿಗೆ ಇದ್ದ ಬಾವಿ ಪಕ್ಕದ ಮರದ್ದೇ. ನೀನು ಸಂಕ್ರಾಂತಿಗೆ ತವರಿಗೆ ಹೋಗಿದ್ದಾಗ ಕೋಲಿನಿಂದ ಕಾಯಿ ಬಡಿಸಿ, ನಾಲ್ಕೂ ಮರದ್ದನ್ನು ಒಂದೇ ರಾಶಿ ಹಾಕಿಸಿದೆ. ಬಾವಿ ಮರದಲ್ಲಿ ಜಾಸ್ತಿ ಇದ್ದಂಗಿತ್ತಲ್ಲ ಅಕ್ಕ ಅಂತ ನೀನು ಬಂದು ಕೇಳಿದೆ. ಸೊಪ್ಪು ನೋಡಿ ಕಾಯಿ ಅಂದ್ಕೊಂಡಿದ್ದೀಯ ಅಂದೆ.